ಕಾಲರಾ ಕ್ರಿಮಿಗೆ ಎಷ್ಟು ಇಂದ್ರಿಯ?

ನಾನು ಹೆಚ್ಚು ಮಾತಾಡುವವಳಲ್ಲ. ಆದರೆ ಯಾರಾದರೂ ಏನಾದರೂ ಕೇಳಿದರೆ ಸರಿಯಾದ ಉತ್ತರ ಕೊಟ್ಟುಬಿಡುತ್ತೇನೆ. ಅದು ನನ್ನ ದೌರ್ಬಲ್ಯ. ಜನಕ್ಕೆ ಬೇಕಾದದ್ದು ಸಾಮಾನ್ಯವಾಗಿ ಸರಿಯಾದ ಉತ್ತರವಲ್ಲ, ಸಾಕಾಗುವಷ್ಟು ಉತ್ತರ ಎಂಬುದು ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದರೂ ನನಗೆ ತಿಳಿದಿರಲಿಲ್ಲ. ಕೆಲಸದ ಆದೇಶಕ್ಕೆ ಕಾಯುತ್ತ ನಾನು ಹಳೇಬೀಡಿನ ಮನೆಯಲ್ಲಿ ಕೂತಿದ್ದ ಆ ಬೇಸಿಗೆಯಲ್ಲಿ ವಾಂತಿಭೇದಿ ನಮ್ಮ ಸೀಮೆಗೆ ಬಂತು. ಅದು ಎಷ್ಟೋ ದೇಶಗಳನ್ನು ಸುತ್ತಿಕೊಂಡು ಬಂದ ಕಾಲರಾ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಅಷ್ಟು ದೂರದಿಂದ ಬಂದದ್ದು ಬೇಲೂರಿನಲ್ಲೇ ಇಳಿದುಕೊಳ್ಳುತ್ತದೆ, ಅಲ್ಲಿಂದ ನಮ್ಮೂರಿಗೆ ಹೊತ್ತಿಗೆ ಸರಿಯಾದ ಬಸ್ಸೆಲ್ಲಿದೆ ಎಂದು ಅಪ್ಪ ತಮಾಷೆ ಮಾಡಿದರು. ಅದಾದ ಕೆಲವೇ ದಿನಗಳಲ್ಲಿ ಕೆರೆಯಾಚೆಯ ಹಳ್ಳಿಯಲ್ಲಿ, ಬೆಳಿಗ್ಗೆ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗಿದ್ದ ಗಟ್ಟಿಮುಟ್ಟಾದ ಮನುಷ್ಯನೊಬ್ಬ ದೀಪ ಹಚ್ಚುವ ಹೊತ್ತಿಗೆ ಇಲ್ಲವಾಗಿದ್ದ. ಅಪ್ಪ ಮತ್ತೆ ಬಸ್ಸಿನ ಮಾತೆತ್ತಲಿಲ್ಲ.

ಸೂಜಿ ಹಾಕುವವರು ಸದ್ಯದಲ್ಲೇ ಬರುತ್ತಾರೆಂದು ಊರಲ್ಲಿ ಡಂಗುರ ಹೊಡೆಸಿದರು. ಪಕ್ಕದ ಮನೆಯ ಕೆಂಪಮ್ಮ ಆ ಬಗ್ಗೆ ವಿಚಾರಿಸಲು ನನ್ನ ಹತ್ತಿರ ಬಂದವರು, ವಿಚಾರಿಸುವ ಬದಲು ತಾವೇ ನನಗೆ ತಿಳಿಸಿ ಹೋದರು. ಅದು ಕಾಲರಾ ಸೂಜಿಯೇ ಅಲ್ಲವಂತೆ, ಮಕ್ಕಳಾಗದಂತೆ ಮಾಡುವ ಸೂಜಿಯಂತೆ, ಹೆಸರು ಬದಲಾಯಿಸಿ ಕಳಿಸಿದ್ದಾರಂತೆ. ಮೊಮ್ಮಕ್ಕಳ ಮದುವೆ ಮಾಡುತ್ತಿರುವ ನಿಮಗೆ ಅದರಿಂದೇನು ನಷ್ಟ ಎಂದು ಕೇಳಬೇಕೆನಿಸಿತು. ಅಂಥ ಮಾತು ನನ್ನ ಬಾಯಿಗೆ ಬರುವುದಿಲ್ಲ. ಮನಸ್ಸಿನಲ್ಲೇ ಕೇಳಿ ಮನಸ್ಸಿನಲ್ಲೇ ನಕ್ಕೆ. ಅವರು ಹೊಸಿಲು ದಾಟುತ್ತ ನಿಜವಾದ ಕಾರಣ ಹೇಳಿದರು: "ಅದೆಲ್ಲ ಇರ್ಲಿ ಕಣವ್ವ, ಕೈ ಊದ್ಕಂಡ್ರೆ ಹುಣಸೆಹಣ್ಣು ಕುಟ್ಟೋರ್ಯಾರು? ಕಾಲರಾ ಬತ್ತದೋ ಬರಾಕಿಲ್ವೋ, ಹಣ್ಣಂತೂ ಬಂದು ಜಗಲಿ ಮೇಲೆ ಬಿದ್ದೈತೆ."

ಆದರೆ ನನ್ನ ನೆಮ್ಮದಿ ಕೆಡಿಸಿದವರು ಕೆಂಪಮ್ಮನಲ್ಲ, ನನ್ನ ಅಜ್ಜಿ. ನಾವು ಜೈನರು. ಅಜ್ಜಿ ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಿದ್ದರು. ಸೋಸಿದ ಮೇಲೆ ಆ ಬಟ್ಟೆಯನ್ನು ಮೆಲ್ಲಗೆ ತೊಳೆದು, ಅದರಲ್ಲಿ ಸಿಕ್ಕಿರಬಹುದಾದ ಕಣ್ಣಿಗೆ ಕಾಣದ ಜೀವಗಳು ಎಲ್ಲಿಂದ ಬಂದವೋ ಅಲ್ಲಿಗೇ ಹೋಗಲಿ ಎಂದು ತೊಳೆದ ನೀರನ್ನು ಪುಟ್ಟ ತಂಬಿಗೆಯಲ್ಲಿ ಬಾವಿಗೆ ಇಳಿಬಿಡುತ್ತಿದ್ದರು, ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಜೋಪಾನವಾಗಿ. ಹುಟ್ಟಿದಾಗಿನಿಂದ ನೋಡಿದ ಕೆಲಸವೇ. ಆ ಬೇಸಿಗೆಯಲ್ಲಿ ಮಾತ್ರ ಅದನ್ನು ನೋಡುತ್ತ ನಿಲ್ಲಲಾಗುತ್ತಿರಲಿಲ್ಲ. ಕಾಲರಾ ಕ್ರಿಮಿ ಆ ಬಟ್ಟೆಯ ಎಳೆಗಳ ನಡುವೆ ವಾಲಗದ ಸಮೇತ ಮೆರವಣಿಗೆ ಹೋಗುವಷ್ಟು ಚಿಕ್ಕದು ಎಂದು ನನಗೆ ಗೊತ್ತಿತ್ತು. ಕುದಿಸಿ ಕುಡಿ ಎಂದು ಬೇಡಿಕೊಂಡರೆ, ಕುದಿಸಿದ ನೀರು ಮುನಿಗಳಿಗೆ ಸರಿ, ನಾನೇನು ದೀಕ್ಷೆ ತೆಗೆದುಕೊಂಡಿದ್ದೇನೆಯೆ ಎಂದು ಕೇಳುತ್ತಿದ್ದರು. ಉಳಿದದ್ದು ಸೂಜಿಯೊಂದೇ.

ಸೂಜಿಯ ಮಾತೆತ್ತಿದಾಗ ಅಜ್ಜಿ ಹೂಬತ್ತಿ ಮಾಡುತ್ತ ಕೂತಿದ್ದರು. ಒಳಗೇನಿರುತ್ತದೆ ಎಂದು ಕೇಳಿದರು. ಔಷಧಿ ಎಂದಿದ್ದರೆ ಆಗಿಹೋಗುತ್ತಿತ್ತು. ನಾನು ಧೈರ್ಯ ತುಂಬಲು ಹೋಗಿ, ಅದರಲ್ಲಿರುವುದು ಅದೇ ಕಾಲರಾ ಕ್ರಿಮಿಗಳು, ಆದರೆ ಸತ್ತಿರುತ್ತವೆ, ಏನೂ ಹೆದರಬೇಕಾಗಿಲ್ಲ ಎಂದೆ. ಹತ್ತಿ ಹಿಡಿದ ಕೈ ನಿಂತಿತು.

"ತಾವಾಗಿ ಸತ್ತವಾ, ಇಲ್ಲಾ ಯಾರಾದ್ರೂ ಕೊಂದ್ರಾ?"

ಕೊಂದದ್ದೇ ಎಂದು ಒಪ್ಪಿಕೊಂಡೆ. ಎಷ್ಟಿರಬಹುದು ಎಂದು ಮುಂದಿನ ಪ್ರಶ್ನೆ. ಅಲ್ಲಾದರೂ ತಡೆಯಬಹುದಿತ್ತು, ಒಂದು ಹನಿಯಲ್ಲೇ ಲೆಕ್ಕವಿಲ್ಲದಷ್ಟು ಎಂದೆ. ಒಳಕೋಣೆಯಲ್ಲಿ ಅಪ್ಪ ಜೋರಾಗಿ ಕೆಮ್ಮಿದ್ದು ನನಗಾಗಿಯೇ ಎಂದು ಆಮೇಲೆ ಹೊಳೆಯಿತು. ಅಜ್ಜಿ ಹತ್ತಿಯನ್ನು ಬುಟ್ಟಿಗೆ ಹಾಕಿ, ಈ ವಯಸ್ಸಿನಲ್ಲಿ ಅಷ್ಟು ಹೆಣಗಳನ್ನು ತೋಳಲ್ಲಿ ಹೊತ್ತುಕೊಂಡು ಬಸದಿಗೆ ಹೋಗಲಾರೆ ಎಂದು ಹೇಳಿ ಎದ್ದುಹೋದರು.

ಅಪ್ಪ ನನ್ನ ಮೇಲೆ ರೇಗಲಿಲ್ಲ, ಓದಿಸಿದ್ದು ತಾವೇ ತಾನೆ. ಮಾರನೆಯ ಬೆಳಿಗ್ಗೆ ಅಜ್ಜಿಯೇ ಬಂದು ಮತ್ತೆ ಕೇಳಿದರು: ಆ ಕ್ರಿಮಿಗೆ ಎಷ್ಟು ಇಂದ್ರಿಯ? ನಮ್ಮಲ್ಲಿ ಜೀವಗಳನ್ನು ಇಂದ್ರಿಯದ ಮೇಲೆ ಎಣಿಸುತ್ತಾರೆ. ಗಿಡಮರಕ್ಕೆ ಒಂದೇ ಇಂದ್ರಿಯ, ಹುಳಕ್ಕೆ ಎರಡು, ಹಾಗೇ ಏರುತ್ತ ಮನುಷ್ಯನಿಗೆ ಐದು. ಇಂದ್ರಿಯ ಹೆಚ್ಚಿದಷ್ಟೂ ಕೊಂದ ಪಾಪ ಹೆಚ್ಚು. ಅಜ್ಜಿ ರಾತ್ರಿಯೆಲ್ಲ ಅದನ್ನೇ ಯೋಚಿಸಿರಬೇಕು. ನನಗೆ ತಟ್ಟನೆ ಮೈಸೂರಿನ ತರಗತಿ ನೆನಪಾಯಿತು. ಬ್ಯಾಕ್ಟೀರಿಯಾಗಳನ್ನು ನಮಗೆ ಕಲಿಸಿದ್ದು ಪ್ರಾಣಿಶಾಸ್ತ್ರದವರಲ್ಲ, ನಮ್ಮ ಸಸ್ಯಶಾಸ್ತ್ರದವರೇ. ಪುಸ್ತಕದಲ್ಲಿ ಅವು ಇದ್ದದ್ದು ಸಸ್ಯವರ್ಗದಲ್ಲಿ. ಅದು ಹುಳವಲ್ಲ, ಒಂದು ಬಗೆಯ ಸಸ್ಯ ಎಂದೆ. ಅಜ್ಜಿಯ ಮುಖ ಅರಳಿತು.

"ಅಂದ್ರೆ ಸೊಪ್ಪು ಸೋಸಿದ ಹಾಗೆ ಅನ್ನು. ಇದನ್ನ ನಿನ್ನೇನೇ ಹೇಳೋಕೆ ನಿಂಗೇನಾಗಿತ್ತೇ?"

ಓದಿದ್ದು ಮೊದಲ ಸಲ ಉಪಯೋಗಕ್ಕೆ ಬಂತು ಎಂದು ಬೀಗಿದೆ. ಸೂಜಿಯವರು ಬಂದದ್ದು ಆ ವಾರದ ಕೊನೆಗೆ. ಚಾವಡಿಯ ಮುಂದೆ ಮೇಜು ಹಾಕಿ ಕೂತಿದ್ದ ಹೆಲ್ತ್ ಇನ್ಸ್‌ಪೆಕ್ಟರು ಸಭ್ಯ ಮನುಷ್ಯ. ಅಜ್ಜಿಯನ್ನು ಕರೆಯಲು ಮನೆಗೆ ಓಡಿ ಬಂದೆ. ಅವರು ಜಪದ ಮಣೆಯಿಂದ ಏಳಲಿಲ್ಲ. "ಇವತ್ತು ಚತುರ್ದಶಿ ಕಣೇ. ಚತುರ್ದಶಿ ದಿನ ನಾನು ಯಾವತ್ತಾದ್ರೂ ಹಸಿರು ಮುಟ್ಟಿದೀನಾ?"

ಅಷ್ಟಮಿ, ಚತುರ್ದಶಿಗಳಲ್ಲಿ ಸೊಪ್ಪು ತರಕಾರಿ ನಮ್ಮ ಅಡುಗೆಮನೆಗೆ ಕಾಲಿಡುವುದಿಲ್ಲ. ಕ್ರಿಮಿಯನ್ನು ಸೊಪ್ಪಿನ ಜಾತಿಗೆ ಸೇರಿಸಿದವಳು ನಾನೇ. ಇನ್ನು ಯಾವ ಬಾಯಲ್ಲಿ ಅದು ಸೊಪ್ಪಲ್ಲ ಎನ್ನಲಿ? ಇನ್ಸ್‌ಪೆಕ್ಟರಿಗೆ ವಿಷಯ ತಿಳಿಸಿದೆ. ನಾಳೆ ಬೇಲೂರಿನಲ್ಲಿರುತ್ತೇವೆ, ಆಮೇಲೆ ಈ ಕಡೆ ಬರುವುದು ಯಾವಾಗಲೋ ಗೊತ್ತಿಲ್ಲ ಎಂದರು. ಆ ಮಧ್ಯಾಹ್ನ ಅಜ್ಜಿ, ಹಗಲಲ್ಲಿ ಎಂದೂ ಮಲಗದವರು, ಚಾಪೆಯ ಮೇಲೆ ಉರುಳಿಕೊಂಡರು. ಹೊಟ್ಟೆ ಕೆಟ್ಟಿದೆಯೆ, ಕಣ್ಣು ಗುಳಿಬಿದ್ದಿದೆಯೆ ಎಂದು ನಾನು ಬಾಗಿಲ ಸಂದಿಯಲ್ಲಿ ನಿಂತು ಉಸಿರು ಆಲಿಸುತ್ತಿದ್ದೆ. ಅವರು ಕಣ್ಣು ತೆರೆಯದೆಯೇ, "ಉಪವಾಸ ಇದೀನಿ, ಸತ್ತಿಲ್ಲ. ಹೋಗಿ ಏನಾದ್ರೂ ಓದ್ಕೋ" ಅಂದರು. ಓದುವ ಧೈರ್ಯ ಉಳಿದಿರಲಿಲ್ಲ.

ಮರುದಿನ ಹುಣ್ಣಿಮೆ; ಅದಕ್ಕೆ ಅಜ್ಜಿಯ ತಕರಾರಿರಲಿಲ್ಲ. ಮೊದಲ ಬಸ್ಸಿಗೇ ಬೇಲೂರಿಗೆ ಕರೆದುಕೊಂಡು ಹೋದೆ. ಶಾಲೆಯೊಂದರ ಅಂಗಳದಲ್ಲಿ ಹೆಂಗಸರ ಸಾಲು ಒಂದು ಕಡೆ, ಗಂಡಸರದು ಇನ್ನೊಂದು ಕಡೆ, ನಡುವೆ ಮೇಜು. ಹೆಂಗಸರ ಸಾಲು ಮುಂದೆ ಹೋಗುವುದಕ್ಕಿಂತ ಹಿಂದೆ ಸರಿಯುವುದೇ ಹೆಚ್ಚಾಗಿತ್ತು. ಅಜ್ಜಿ ನನ್ನ ಹಿಂದೆ ನಿಂತವಳಿಗೆ ಸಮಾಧಾನ ಹೇಳತೊಡಗಿದರು: ಹೆದರಬೇಡಮ್ಮ, ಇದು ಸೊಪ್ಪಿನ ಸೂಜಿ, ನನ್ನ ಮೊಮ್ಮಗಳು ಇದನ್ನೇ ಮೈಸೂರಲ್ಲಿ ಓದಿದಾಳೆ. ಆಕೆ, ಯಾವ ಸೊಪ್ಪು, ದಂಟೋ ಹೊನಗೊನ್ನೆಯೋ ಎಂದು ವಿಚಾರಿಸಿದಳು. ಮಾತು ಬಾಯಿಂದ ಬಾಯಿಗೆ ಹೋಗಿ ಸಾಲು ಗಟ್ಟಿಯಾಯಿತು. ತಿದ್ದಬೇಕಾದ ತಪ್ಪು ಕಣ್ಣೆದುರಿಗೇ ಹರಡುತ್ತಿತ್ತು. ನಾನು ಜೀವಮಾನದಲ್ಲಿ ಮೊದಲ ಬಾರಿಗೆ ತಿದ್ದದೆ ನಿಂತೆ. ಅಜ್ಜಿ ರೆಪ್ಪೆ ಕೂಡ ಮಿಟುಕಿಸದೆ ಸೂಜಿ ಹಾಕಿಸಿಕೊಂಡು ಪಕ್ಕಕ್ಕೆ ಬಂದರು.

"ಮುಂದಿನವರು ಬನ್ನಿ" ಎಂದರು ಇನ್ಸ್‌ಪೆಕ್ಟರು. ಮುಂದಿನವಳು ನಾನು.

ನನ್ನ ರವಿಕೆಯ ತೋಳು ಮೊಳಕೈವರೆಗಿತ್ತು, ಬಿಗಿಯಾಗಿತ್ತು. ಅದನ್ನು ಅಷ್ಟು ಜನ ಗಂಡಸರ ಎದುರಿಗೆ ಹೆಗಲವರೆಗೆ ಏರಿಸುವುದು ನನ್ನಿಂದ ಸಾಧ್ಯವೇ ಇರಲಿಲ್ಲ. ಮುಂದಿನ ವಾರ ಹಾಸನಕ್ಕೆ ಹೋಗುವುದಿದೆ, ಅಲ್ಲಿ ಲೇಡಿ ಡಾಕ್ಟರ ಹತ್ತಿರ ಹಾಕಿಸಿಕೊಳ್ಳುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಹಾಸನದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಅಜ್ಜಿ ತಿರುಗಿ ನಿಂತರು.

"ನಿಂದ್ಯಾವ ಚತುರ್ದಶಿಯೇ?"

ಉತ್ತರಕ್ಕೆ ಕಾಯದೆ ಸೆರಗನ್ನು ಪರದೆಯಂತೆ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ರವಿಕೆಯ ತೋಳನ್ನು ಮೇಲಕ್ಕೆ ಜಗ್ಗಿದರು. ಹೊಲಿಗೆ ಪರ್ರೆಂದು ಬಿಚ್ಚಿಕೊಂಡಿತು. ಎರಡೂ ಸಾಲಿನವರು ಒಟ್ಟಿಗೆ ಇತ್ತ ತಿರುಗಿದರು. ನಾನು ನಾಚಿಕೆಯಿಂದ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಹಿಂದೆ ಯಾರೋ, "ಪಾಪ, ಓದಿರೋ ಹುಡುಗಿ, ಸೂಜಿ ಅಂದ್ರೆ ಎಷ್ಟು ಹೆದ್ರುತೈತೆ ನೋಡು" ಅಂದರು. ಅಲ್ಲ, ಹೆದರಿದ್ದಲ್ಲ ಎಂದು ವಿವರಿಸಲು ಬಾಯಿ ತೆರೆದವಳು, ನಿಜವಾದ ಕಾರಣವೇನು ಅದಕ್ಕಿಂತ ಮರ್ಯಾದೆಯದಾಗಿದೆಯೆ ಎಂದು ಒಂದು ಕ್ಷಣ ತೂಗಿ ನೋಡಿ, ಹೌದು, ಬಹಳ ಹೆದರಿಕೆ ಎಂದುಬಿಟ್ಟೆ.