ಗುಣ ಆಯಿತು, ದೋಷ ಹೇಳಿ

ನನ್ನ ಸೋದರಮಾವನಷ್ಟು ದಡ್ಡ ವಿದ್ಯಾರ್ಥಿ ಕೋಲಾರದ ಸೀಮೆಯಲ್ಲೇ ಇರಲಿಲ್ಲ! ಇಲ್ಲದಿದ್ದರೆ ತಲೆ ನರೆತ ಮೇಲೂ ಯಾರಾದರೂ ತರಬೇತಿಗೆ ಹೋಗುತ್ತೇನೆಂದು ಹಟ ಹಿಡಿಯುತ್ತಾರೆಯೇ? ರಾಯಲ್ಪಾಡಿನ ಸರ್ಕಾರಿ ಶಾಲೆಯ ಮೇಷ್ಟ್ರು ಅವರು. ಉಪಾಧ್ಯಾಯರ ತರಬೇತಿ ಮಾಲೂರಿನಲ್ಲಾಗಲಿ, ಮುಳಬಾಗಿಲಿನಲ್ಲಾಗಲಿ, ರುಮಾಲು ಸುತ್ತಿಕೊಂಡು ಹೊರಟೇ ಬಿಡುತ್ತಿದ್ದರು. ಉಳಿದ ಮೇಷ್ಟ್ರುಗಳು ಹೊಟ್ಟೆನೋವೆಂದು ಅರ್ಜಿ ಗೀಚುವ ಹೊತ್ತಿನಲ್ಲಿ ಇವರಿಗೆ ಮಾತ್ರ ಹಬ್ಬ.

ಅಲ್ಲೊಂದು ಪದ್ಧತಿ. ಒಬ್ಬರು ಮಾದರಿ ಪಾಠ ಮಾಡಬೇಕು, ಉಳಿದವರು ಅದರ ಗುಣದೋಷ ಹೇಳಬೇಕು, ದೋಷವನ್ನು ಮರುದಿನವೇ ತಿದ್ದಿಕೊಳ್ಳಬೇಕು. ಮಾವ ಇದನ್ನು ಊರಿಗೂ ಹೊತ್ತು ತಂದರು. ತಮ್ಮ ಪಾಠ ಮುಗಿದೊಡನೆ ಮಕ್ಕಳನ್ನೇ ದೋಷ ಕೇಳುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನನ್ನ ಮದುವೆಯಲ್ಲಿ ಧಾರೆ ಮುಗಿದದ್ದೇ ತಡ, ಎದ್ದು ನಿಂತು, ಪುರೋಹಿತರ ಧ್ವನಿ ಸ್ಪಷ್ಟವಾಗಿತ್ತು, ಆದರೆ ವಧೂವರರಿಗೆ ತಿಳಿಯಿತೇ ಎಂದು ಒಮ್ಮೆಯೂ ವಿಚಾರಿಸಲಿಲ್ಲ ಎಂದುಬಿಟ್ಟರು. ಮರುದಿನ ನಾಗೋಲಿ ಶಾಸ್ತ್ರದಲ್ಲಿ ಆ ಪುರೋಹಿತರು ಮಂತ್ರಕ್ಕೊಂದು ಸಲ ನನ್ನ ಮುಖ ನೋಡಿ “ತಿಳೀತೇನಪ್ಪಾ?” ಎನ್ನುತ್ತಿದ್ದರು!

ಮುಂದೆ ನಾನೂ ಮೇಷ್ಟ್ರಾದೆ. ಒಂದು ಬೇಸಿಗೆಯಲ್ಲಿ ಕೋಲಾರದಲ್ಲಿ ತರಬೇತಿ. ಚಿಕ್ಕ ಮಕ್ಕಳಿಗೆ ಕತೆ, ಆಟಗಳ ಮೂಲಕ ಅಕ್ಷರ ಕಲಿಸುವ ಹೊಸ ವಿಧಾನವಂತೆ. ನನಗೆ ಕರೆ ಬಂತು, ಮಾವನಿಗೆ ಬರಲಿಲ್ಲ. ದಸರೆಯ ಹೊತ್ತಿಗೆ ನಿವೃತ್ತರಾಗುವವರಿಗೆ ಇನ್ನೆಂಥ ತರಬೇತಿ ಎಂದು ಕಚೇರಿಯವರು ಅವರ ಹೆಸರು ಬಿಟ್ಟಿದ್ದರು. ಮಾವ ಊಟ ಬಿಟ್ಟರು. ಅವರ ಶಾಲೆಯ ಮಕ್ಕಳ ಮನೆಮಾತು ತೆಲುಗು. ಕನ್ನಡದ ಅಕ್ಷರ ಕಂಡರೆ ಅಳುತ್ತಿದ್ದ ಆ ಚಿಕ್ಕವರ ಚಿಂತೆ ಅವರನ್ನು ಬಹಳ ದಿನದಿಂದ ಕೊರೆಯುತ್ತಿತ್ತು.

ನಾನು ಕೋಲಾರಕ್ಕೆ ಹೋಗಿ ನೋಡಿದರೆ, ಸೌದೆ ಒಲೆಯ ಮುಂದೆ ಸೌಟು ಹಿಡಿದು ನಿಂತವರು ಯಾರು? ನಮ್ಮ ಮಾವ! ತರಬೇತಿಯ ಅಡುಗೆಗೆ ಜನ ಬೇಕೆಂದು ತಿಳಿದು ಸೇರಿಕೊಂಡಿದ್ದರು. ಪಾಠ ಶುರುವಾದರೆ ಬಾಗಿಲಿಗೆ ಬಂದು ನಿಲ್ಲುವರು. ಒಲೆಯ ಮೇಲಿನ ಹುಳಿ ತನ್ನ ಪಾಡಿಗೆ ತಾನು ಸೀಯುವುದು.

ಊಟಕ್ಕೆ ಕೂತ ಶಾಲಾ ಇನ್‌ಸ್ಪೆಕ್ಟರು ಮುಖ ಕಿವುಚಿದರು. ಮಾವ ಕೈಮುಗಿದು, ದೋಷ ಒಪ್ಪಿದೆ, ಪಾಠ ಕೇಳುತ್ತ ನಿಂತುಬಿಟ್ಟೆ ಎಂದರು. ಅವರು ಯಾರೆಂಬುದನ್ನು ನಾನೇ ಬಾಯಿಬಿಟ್ಟೆ.

“ಬಿಟ್ಟುಹೋಗೋ ಕಾಲದಲ್ಲಿ ನಿಮಗ್ಯಾಕೆ ಮೇಷ್ಟ್ರೇ ಇದೆಲ್ಲ?” ಎಂದರು ಇನ್‌ಸ್ಪೆಕ್ಟರು.

“ನನಗೆ ಇದು ಕೊನೇ ವರ್ಷ ನಿಜ ಸ್ವಾಮಿ. ಒಂದನೇ ಕ್ಲಾಸಿಗೆ ಬರೋ ಮಕ್ಕಳಿಗೆ ಮೊದಲನೇ ವರ್ಷ ಅಲ್ವಾ?”

ಮಾರನೆಯ ದಿನ ಮಾವ ಮುಂದಿನ ಬೆಂಚಿನಲ್ಲಿ ಕೂತಿದ್ದರು, ನಾವು ಸರದಿಯಂತೆ ಒಲೆಯ ಮುಂದೆ. ನಾನು ತಿರುವಿದ ಮುದ್ದೆಯ ಗುಣದೋಷ ಇಲ್ಲಿ ಬೇಡ.

ಶಾಲೆಯಲ್ಲಿ ಮಾವನ ಕೊನೆಯ ದಿನ ನಾನು ರಾಯಲ್ಪಾಡಿಗೆ ಹೋಗಿದ್ದೆ. ಒಂದನೇ ಕ್ಲಾಸಿನಲ್ಲಿ ಯಾರೂ ಅಳುತ್ತಿರಲಿಲ್ಲ. ನರಿಯ ಕತೆ ಹೇಳುತ್ತ ಹೇಳುತ್ತ ಮಕ್ಕಳು ನೆಲದ ಮೇಲೆ ಹುಣಸೆಬೀಜ ಜೋಡಿಸಿ ‘ನ’ ಬರೆದರು. ನನಗೆ ನೋಡಿದಷ್ಟೂ ಹೆಮ್ಮೆ. ಪಾಠ ಮುಗಿಸಿ ಮಾವ ಎಂದಿನಂತೆ ದೋಷ ಹೇಳಿ ಎಂದರು. ಒಂದು ಪುಟ್ಟ ಹುಡುಗಿ ಎದ್ದಳು.

“ರೇಪು ಮೀರು ರಾರು ಕದಾ, ಅದೇ ತಪ್ಪು.”

ನಾಳೆ ನೀವು ಬರೋದಿಲ್ಲವಲ್ಲ, ಅದೇ ತಪ್ಪು ಅಂತ.

ಮರುದಿನ ಬೆಳಿಗ್ಗೆ ಎದ್ದರೆ ಮಾವ ಮನೆಯಲ್ಲಿಲ್ಲ. ಗೂಟದಲ್ಲಿ ರುಮಾಲೂ ಇಲ್ಲ. ಶಾಲೆಗೆ ಓಡಿದೆ. ಹೊಸ ಮೇಷ್ಟ್ರು ಪಾಠ ಮಾಡುತ್ತಿದ್ದರು. ಹಿಂದೆ, ಆ ಹುಡುಗಿಯ ಪಕ್ಕದಲ್ಲಿ, ಮಾವ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಿದ್ದರು.