ಹೊನ್ನೇಗೌಡನ ಮೀಸೆಯೂ ಚೆಲುವಿಯ ಮೂಗೂ

ಗೋಡೆಗೊಂದು ಗಿಡಕ್ಕೊಂದು ಕ್ಯಾಮೆರಾ ಕಣ್ಣರಳಿಸಿ ಕೂತಿರುವ ಈ ಸಕಲಯಂತ್ರಸಾರ್ವಭೌಮ ಯುಗದಲ್ಲಿ, ಮಂಡ್ಯ ಸೀಮೆಯ ನಾಲೆಯಂಚಿನ ಕೊತ್ತನಕೆರೆಯಲ್ಲಿ, ಷಡ್ಧೇನುಪರಿಪಾಲಕನೂ, ಹಿಂಡಿಬೂಸಾವಿತರಣಧುರಂಧರನೂ, ಉಭಯಕಪೋಲವ್ಯಾಪ್ತಶ್ಮಶ್ರುಮಂಡಿತನೂ ಆದ ಹೊನ್ನೇಗೌಡನೆಂಬ ಮಹಾವೀರನಿದ್ದನು. ಶ್ಮಶ್ರು ಎಂದರೆ ಮೀಸೆ ಸ್ವಾಮೀ, ಎರಡೂ ಕೆನ್ನೆ ನುಂಗಿದ ಮೀಸೆ. ತಾಯಿ ಶಾರದೆಯೇ, ಅವನ ಕಥೆ ಹೇಳುವಷ್ಟು ಉಸಿರು ನನಗೆ ಕೊಡು. ಕೇಳುವವರಿಗೆ ನಗು ತಡೆಯುವ ಶಕ್ತಿಯನ್ನೂ ಕೊಡು. ಆ ಮನುಷ್ಯನಿಗೆ ಸಿಟ್ಟು ಜಾಸ್ತಿ.

ಊರ ದನಗಳೆಲ್ಲ ನುಗ್ಗಿ ತನ್ನ ಹಸುಗಳ ಮೇವು ಮೇಯುವುದನ್ನು ಸಹಿಸಲಾರದೆ ಅವನು ಕೊಟ್ಟಿಗೆಗೊಂದು ಯಂತ್ರದ್ವಾರವನ್ನು ಮಾಡಿಸಿದನು. ದ್ವಾರದ ನೆತ್ತಿಯಲ್ಲೊಂದು ಕ್ಯಾಮೆರಾ. ನಮ್ಮ ಹೆಬ್ಬೆಟ್ಟಿನ ಗೆರೆಗಳಂತೆ ಹಸುವಿನ ಮೂಗಿನ ಮೇಲೂ ಒಂದೊಂದಕ್ಕೆ ಒಂದೊಂದು ಬಗೆಯ ಗೆರೆಗಳುಂಟಷ್ಟೆ. ಅವನ್ನು ನೋಡಿ, ಮನೆಯ ಹಸುವಾದರೆ ಹೆಸರು ಕೂಗಿ ಬಾಗಿಲು ತೆರೆಯುವುದು, ಪರರದಾದರೆ ಅಲುಗದೆ ನಿಲ್ಲುವುದು ಅದರ ಧರ್ಮ. ಇದನ್ನು ಕಂಡು ಕಿಸಕ್ಕೆಂದ ಬಾಮೈದ ಪುಟ್ಟಮಾದನ ಎದುರು ಗೌಡನು ಮೀಸೆಯ ಮೇಲೆ ಕೈಯಿಟ್ಟು ಗರ್ಜಿಸಿದನು:

"ಎಲವೋ ಪರಿಹಾಸಪಟುವೇ! ಕಾವೇರಿಯು ಹಿಂದಿರುಗಿ ಬೆಟ್ಟ ಹತ್ತಬಹುದು, ನನ್ನ ಯಂತ್ರವು ನನ್ನ ಹಸುವಿನ ಗುರುತು ತಪ್ಪಲಾರದು! ಈ ದ್ವಾರವನ್ನು ಮನುಷ್ಯನ ಕೈ ತೆರೆಯಬೇಕಾಗಿ ಬಂದ ದಿನ, ಈ ಮೀಸೆಯನ್ನು ಬೋಳಿಸಿ ನಿನ್ನ ಅಂಗೈಯಲ್ಲಿಡುವೆನು!"

"ಆಯ್ತು ಬಾವ," ಎಂದ ಪುಟ್ಟಮಾದ. "ಬ್ಲೇಡು ನಂದೇ."

ಬಂದಿತು ಸಂಕ್ರಾಂತಿ. ಗೌಡನ ಅರ್ಧಾಂಗಿಯೂ ಕೊತ್ತನಕೆರೆಯ ಏಕೈಕ ನಿರ್ಭೀತೆಯೂ ಆದ ದ್ಯಾವಮ್ಮನು ಆರೂ ಹಸುಗಳ ಮೈ ತೊಳೆದು, ಕೊಂಬಿನಿಂದ ಬಾಲದ ತುದಿಯವರೆಗೆ ಅರಿಶಿನ ಬಳಿದಳು. ಹಳದಿಯ ಸೈನ್ಯವು ಕಿಚ್ಚು ಹಾಯ್ದು ಮುಸ್ಸಂಜೆಗೆ ಮನೆಗೆ ಮರಳಿತು. ಒಳಗೆ ಚೆಲುವಿ ಎಂಬ ಹಸುವಿನ ಎಳೆಗರು ಹಸಿದು ಅರಚುತ್ತಿತ್ತು. ಕೆಚ್ಚಲು ಬಿಗಿದ ಚೆಲುವಿ ದೀಪದ ಬೆಳಕಿನಲ್ಲಿ ಯಂತ್ರದೆದುರು ನಿಂತು ಮೂಗೆತ್ತಿತು.

"ಗುರುತು ಸಿಗಲಿಲ್ಲ," ಎಂದಿತು ಯಂತ್ರ.

ಗೌಡನು ಕಕ್ಕಾಬಿಕ್ಕಿಯಾದನು. ಗೌರಿಯನ್ನು ತಳ್ಳಿದನು, ಗುರುತು ಸಿಗಲಿಲ್ಲ. ಮಿಕ್ಕ ನಾಲ್ಕನ್ನೂ ಒಂದೊಂದಾಗಿ ಎಳೆದು ನಿಲ್ಲಿಸಿದನು; ಅದೇ ರಾಗ. ಜಗಲಿಯ ಮೇಲೆ ಎಳ್ಳುಬೆಲ್ಲ ಮೆಲ್ಲುತ್ತಿದ್ದ ಪುಟ್ಟಮಾದ ತನ್ನ ಗಲ್ಲ ಸವರಿಕೊಂಡ. ಅಷ್ಟು ಸಾಕಾಯಿತು ನೋಡಿ, ವೀರನ ರಕ್ತ ಕುದಿಯಿತು.

"ಅಯ್ಯೋ ಪೀತವರ್ಣವೇ! ನನ್ನ ಸರ್ವಜ್ಞಯಂತ್ರವನ್ನು ವಂಚಿಸಿದ ಮಾಯಾವಿ ನೀನೇ! ತೊಳೆಯುವೆನು ನಿನ್ನನ್ನು, ಆರು ಮುಖಗಳಿಂದಲೂ ಅಳಿಸುವೆನು!" ಎಂದು ಬಿಂದಿಗೆಯನ್ನೆತ್ತಿದನು.

ದ್ಯಾವಮ್ಮ ಬಿಂದಿಗೆಯ ಇನ್ನೊಂದು ಬದಿ ಹಿಡಿದಳು. "ಹಬ್ಬದ ದಿನ ಅರಿಶಿನ ತೊಳೀತಾರಾ? ತಲೆ ನೆಟ್ಟಗದಾ ನಿಮ್ಗೆ?"

"ಬಿಡು ಮಾನಿನೀ! ಮೀಸೆ ಹೋಗುವ ಹೊತ್ತು!"

"ಆ ಯಂತ್ರಕ್ಕೆ ಬೇಕಿರೋದು ಮೂಗು ತಾನೆ? ಮೂಗಿಗೆ ಹತ್ತಿದ್ ಅರಿಶಿನಾನ ಚೆಲುವಿ ಆಗ್ಲೇ ನೆಕ್ಕೊಂಡಾಯ್ತು!"

ಮಾತು ಸರಿಯಾಗಿತ್ತು, ಆದರೆ ಯುದ್ಧಕಾಲದಲ್ಲಿ ಸರಿಯಾದ ಮಾತನ್ನು ಯಾರು ಕೇಳುತ್ತಾರೆ? ಗೌಡನು ಎಳೆದನು, ದ್ಯಾವಮ್ಮ ಎಳೆದಳು, ಬಿಂದಿಗೆಯು ಉಭಯಸೇನೆಗಳ ಮಧ್ಯೆ ಓಲಾಡಿ ಕೊನೆಗೆ ಗೌಡನ ನೆತ್ತಿಯ ಮೇಲೆಯೇ ಬರಿದಾಯಿತು. ಒದ್ದೆಯಾದರೂ ಧೃತಿಗೆಡದೆ ಅವನು ಎರಡೂ ತೋಳು ಚಾಚಿ ದ್ವಾರಕ್ಕೆ ಅಡ್ಡ ನಿಂತನು. "ಪ್ರಾಣ ಹೋದರೂ ಇದನ್ನು ಕೈಯಿಂದ ತೆರೆಯಗೊಡೆನು!"

ಒಳಗೆ ಕರು ಮತ್ತೆ ಕೂಗಿತು, ಈ ಸಲ ಗಂಟಲು ಒಡೆದ ಹಾಗೆ. ಚೆಲುವಿಯ ಕೆಚ್ಚಲಿಂದ ಹಾಲು ತಾನಾಗಿ ತೊಟ್ಟಿಕ್ಕಿತು. ಹಾಳಾಗ್ಲಿ ಆ ಮೀಸೆ, ಕಥೆ ಹೇಳುವ ನನಗೇ ಕರುಳು ಚುರ್ ಎಂದಿತು. ದ್ಯಾವಮ್ಮನಿಗೆ ಚುರ್ ಎನ್ನದೆ ಇರುತ್ತದೆಯೆ? ಮೊಣಕೈಯಲ್ಲಿ ವೀರನನ್ನು ಪಕ್ಕಕ್ಕೆ ತಳ್ಳಿ, ಒಂದೇ ಬೆರಳಲ್ಲಿ ಚಿಲಕ ಎತ್ತಿದಳು. ಬಾಗಿಲು ತೆರೆಯಿತು. ಚೆಲುವಿ ಒಳಗೆ ಓಡಿತು, ಕರು ಮೊಲೆಗೆ ಬಾಯಿಟ್ಟಿತು, ಕೂಗು ನಿಂತಿತು.

ಗೌಡನು ಬೋರಲಾಗಿಟ್ಟ ಬಕೆಟ್ಟಿನ ಮೇಲೆ ಕುಸಿದು ಕೂತನು. ಪುಟ್ಟಮಾದ ಬ್ಲೇಡು, ಸೋಪು, ಕನ್ನಡಿ ಸಮೇತ ಹಾಜರಾದ. ವೀರನು ಕಡೆಯ ಬಾರಿ ಯಂತ್ರದತ್ತ ಮುಖವೆತ್ತಿದನು.

"ಎಲೈ ಕೃತಘ್ನನೇ! ಈ ಮಧ್ಯಾಹ್ನ ತಾನೆ ನಿನಗೆ ಧೂಪ ಹಾಕಿ, ಹೂವಿಟ್ಟು, ಹಬ್ಬವಲ್ಲವೇ ಎಂದು ಈ ಕೈಯಾರೆ..."

ಮಾತು ಅಲ್ಲಿಗೇ ನಿಂತಿತು. ಕ್ಯಾಮೆರಾದ ಕಣ್ಣು ಹುಣಸೆಬೀಜದಷ್ಟು. ಅದರ ಮೇಲೆ ಎಂಟಾಣೆ ಅಗಲದ ಕುಂಕುಮದ ಬೊಟ್ಟು, ಒಣಗಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಹಣೆಯೇ ಇಲ್ಲದ ಆ ಏಕಾಕ್ಷನಿಗೆ ಬೊಟ್ಟಿಡಲು ಬೇರೆ ಜಾಗವಾದರೂ ಎಲ್ಲಿತ್ತು, ಪಾಪ!

"ನಾನೇ ಕಣೇ ಇಟ್ಟಿದ್ದು," ಎಂದ ಗೌಡ, ಸಣ್ಣ ದನಿಯಲ್ಲಿ.

"ಯಾರಿಟ್ರೇನು ಬಾವ? ಬಾಗ್ಲು ತೆಗ್ದಿದ್ದು ಕೈಯೇ. ಮುಖ ಎತ್ತು," ಎಂದು ಪುಟ್ಟಮಾದ ಸೋಪು ನೊರೆ ಮಾಡಿದ.

ಗೌಡ ಕಣ್ಣು ಮುಚ್ಚಿ ಮುಖವೆತ್ತಿದ. ಮಾತಿಗೆ ತಪ್ಪುವವನಲ್ಲ ಅವನು. ನೊರೆ ಹತ್ತಿದ ಮೀಸೆ ಮಾತ್ರ ಸ್ವಲ್ಪ ನಡುಗುತ್ತಿತ್ತು.

ಸೆರಗಿನ ತುದಿಗೆ ಎಂಜಲು ಹಚ್ಚಿ ಕ್ಯಾಮೆರಾದ ಕಣ್ಣೊರೆಸುತ್ತಿದ್ದ ದ್ಯಾವಮ್ಮ ತಿರುಗಿ ನೋಡಿದಳು. ಗಂಡನನ್ನು ಒಂದು ಗಳಿಗೆ ಮೇಲಿಂದ ಕೆಳಗೆ ದಿಟ್ಟಿಸಿದಳು.

"ಬುಟ್ಬುಡೋ ಮಾದ. ಆ ಮುಖದಲ್ಲಿ ಅದೊಂದ್ ಬುಟ್ರೆ ಇನ್ನೇನದೆ? ಅದನ್ನೂ ತಗುದ್ರೆ ನಂಗೇ ಗುರ್ತು ಸಿಕ್ಕಕಿಲ್ಲ."

ಇಂತು ಷಡ್ಧೇನುಪರಿಪಾಲಕನೂ ಉಭಯಕಪೋಲವ್ಯಾಪ್ತಶ್ಮಶ್ರುಮಂಡಿತನೂ ಆದ ಹೊನ್ನೇಗೌಡನು, ಮೂಗಿಗೆ ಹತ್ತಿದ ಸೋಪಿನ ನೊರೆಯನ್ನು ಟವೆಲಿನಲ್ಲಿ ಒರೆಸಿಕೊಂಡು, ಸಗಣಿ ಬಾಚಲು ಒಳಗೆ ಹೋದನು.