ಅಂಡಮಾನಿನ ವಿಮಾನ ತಿರುಗಿ ಬಂದದ್ದು

ಸುಮಾತ್ರಾದ ಜ್ವಾಲಾಮುಖಿಯೊಂದು ಸಿಡಿದು ಹರಿದಾಸರ ಬೆಳಗಿನ ಕಾಫಿ ತಪ್ಪಿಸಿತು. ಹಾರಿದ ಬೂದಿ ಯಾವ ಕಡೆ ಹರಡುತ್ತದೆಂದು ಲೆಕ್ಕ ಹಾಕಿ ವಿಮಾನಗಳನ್ನು ಎಚ್ಚರಿಸುವುದು ಅವರ ಕೆಲಸ. ಚೆನ್ನೈನ ನುಂಗಂಬಾಕ್ಕಂ ಬಡಾವಣೆಯ ಮನೆಯಿಂದ ಆಫೀಸಿಗೆ ಓಡುತ್ತಿದ್ದವರನ್ನು ಲಿಫ್ಟಿನ ಬಾಗಿಲಲ್ಲೇ ಹಿಡಿದವರು ಪಕ್ಕದ ಮನೆಯ ಜಯಲಕ್ಷ್ಮೀ. ಉಡುಪಿ ಕಡೆಯ ಹೋಟೆಲಿನವರು. ಬಾಯಿ ತೆರೆದರೆ ಗ್ರೈಂಡರ್ ಹಾಕಿದ ಹಾಗೆ.

“ಟಿವಿಯಲ್ಲಿ ಬೂದಿ ಬೂದಿ ಅಂತಾರಲ್ಲ ಮಾರಾಯ್ರೆ! ನಮ್ಮ ಸಂದೇಶ್ ಆಫೀಸಿನವರೊಟ್ಟಿಗೆ ಅಂಡಮಾನಿಗೆ ಹೊರಟಿದ್ದಾನೆ. ಮಗನಿಗೆ ಹೋಗುದು ಬೇಡ ಅಂತ ಹೇಳ್ಲಾ?”

“ಹೋಗಲಿ ಬಿಡಿ. ಬೂದಿ ದಕ್ಷಿಣಕ್ಕೆ ಹೋಗ್ತಿದೆ,” ಎಂದು ಹರಿದಾಸರು ತಪ್ಪಿಸಿಕೊಂಡರು.

ವಿಮಾನ ಹಾರಿತು. ಅದು ಸಮುದ್ರದ ಮೇಲಿರುವಾಗ ಜ್ವಾಲಾಮುಖಿ ಇನ್ನೊಮ್ಮೆ, ಮೊದಲಿಗಿಂತ ಬಹಳ ಎತ್ತರಕ್ಕೆ ಕಾರಿತು. ಅಲ್ಲಿ ಮೇಲೆ ಗಾಳಿಯ ದಿಕ್ಕೇ ಬೇರೆ. ಹರಿದಾಸರು ಹೊಸ ಉಪಗ್ರಹ ಚಿತ್ರ ನೋಡಿದರು. ಬೂದಿ ನೇರ ಅಂಡಮಾನಿನತ್ತ! ತಕ್ಷಣ ಎಚ್ಚರಿಕೆ ಕಳಿಸಿದರು.

ಸುದ್ದಿ ಟಿವಿಗೆ ಬಂದದ್ದೇ ತಡ, ಜಯಲಕ್ಷ್ಮೀಯವರ ಫೋನು.

“ಎಂತದಿದು? ಹೋಗಲಿ ಅಂದದ್ದು ನೀವೇ ಅಲ್ವಾ! ಬೂದಿ ತಾನೇ, ವೈಪರ್ ಹಾಕಿಕೊಂಡು ಹೋಗ್ಲಿಕ್ಕೆ ಆಗುದಿಲ್ವಾ?”

“ಅದು ಒಲೆ ಬೂದಿ ಅಲ್ಲಮ್ಮಾ, ಕಲ್ಲು, ಗಾಜಿನ ಪುಡಿ! ಒಳಗೆ ಹೋದ್ರೆ ಕರಗಿ ಅಂಟ್ಕೊಂಡು ಎಂಜಿನ್ನೇ ನಿಂತುಹೋಗುತ್ತೆ!”

ಹೇಳಬಾರದಿತ್ತು. ಫೋನಿನಲ್ಲಿ ಗೋಳಾಟ ಶುರುವಾಯಿತು. ಆಮೇಲೆ ಇಡೀ ಕಟ್ಟಡವೇ ಫೋನ್ ಮಾಡಿತು. ಒಬ್ಬರಂತೂ ತಾರಸಿಯಲ್ಲಿ ಒಣಹಾಕಿದ ಸಂಡಿಗೆ ಎತ್ತಿಡಬೇಕೇ ಎಂದು ಕೇಳಿದರು.

ಪೈಲಟ್ ವಿಮಾನವನ್ನು ಚೆನ್ನೈಗೇ ತಿರುಗಿಸಿದ. ಪಾಳಿ ಮುಗಿಸಿ ಹೊರಬಿದ್ದ ಹರಿದಾಸರನ್ನು ಜಯಲಕ್ಷ್ಮೀ ಗೇಟಿನಲ್ಲೇ ಆಟೋದೊಳಗೆ ಎಳೆದುಕೊಂಡರು. “ಮಗ ಕಣ್ಣಿಗೆ ಬೀಳುವವರೆಗೆ ನಿಮ್ಮನ್ನು ಬಿಡುದಿಲ್ಲ!”

ವಿಮಾನ ನಿಲ್ದಾಣದ ಗಾಜಿನ ಬಾಗಿಲು ಸರಿದು ಸಂದೇಶ್ ಹೊರಬಂದ. ಅವನ ಕೈ ಹಿಡಿದು ಒಬ್ಬ ಹುಡುಗಿ, ಕೊರಳಲ್ಲಿ ಹಸಿ ಅರಿಸಿನದ ತಾಳಿ. ಹರಿದಾಸರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಅಂಬತ್ತೂರಿನ ಆಫೀಸಿಗೆಂದು ಬೆಳಿಗ್ಗೆ ಹೊರಟಿದ್ದ ಅವರ ಒಬ್ಬಳೇ ಮಗಳು ತೃಷಾ! ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿಯೂ ಕೈಯಲ್ಲೇ ಇತ್ತು.

“ಸಾರಿಪ್ಪಾ… ನಿನ್ನೇನೇ ರಿಜಿಸ್ಟರ್ ಕಲ್ಯಾಣ ಆಯ್ತು.”

ಹರಿದಾಸರು ಪಕ್ಕದಲ್ಲಿದ್ದ ಲಗೇಜ್ ಟ್ರಾಲಿಯ ಮೇಲೆ ಕುಸಿದರು. ಜಯಲಕ್ಷ್ಮೀಯವರೋ, ಮಗ ಜೀವಸಹಿತ ಬಂದದ್ದೇ ಸಾಕೆಂದು ಇಬ್ಬರನ್ನೂ ಬಾಚಿ ತಬ್ಬಿಕೊಂಡು, ಕಣ್ಣೊರೆಸಿಕೊಳ್ಳುತ್ತ ಟ್ರಾಲಿಯತ್ತ ತಿರುಗಿದರು.

“ಏಳಿ ಬೀಗರೇ! ಇನ್ನು ನಮ್ಮ ನಿಮ್ಮ ಮನೆ ನಡುವೆ ಗೋಡೆ ಎಂತಕ್ಕೆ? ನಾಳೆಯೇ ಒಡೆಸಿಬಿಡುವ!”